ಎಣ್ಣೆ ಕಾಣದ ಕೋಡುಬಳೆ

ಎದೆಯೊಳಗೆ ಪೆನ್ನಿನ ಸ್ಪ್ರಿಂಗಿನಂಥದೊಂದು ಕೂರಿಸಿ
ಮನೆಗೆ ಕಳಿಸಿದರು ಇವರನ್ನು,
ಜೊತೆಗೊಂದು ಹಸಿರು ಹಾಳೆ:
ಬೆಂದದ್ದು ಸರಿ, ಸುಟ್ಟದ್ದೂ ಸರಿ,
ಕರಿದದ್ದರ ಮೇಲೆ ದಪ್ಪಗೆ ಕಪ್ಪು ಗೀಟು.
ಇವರದನ್ನು ನಾಲ್ಕು ಮಡಿಕೆ ಮಡಿಚಿ
ಕನ್ನಡಕದ ಡಬ್ಬಿಗೆ ತುರುಕಿ ಟಪ್ಪೆಂದು ಮುಚ್ಚಿದರು.
ಕನ್ನಡಕ ಮೂಗಿನ ಮೇಲೇ ಇರುವಾಗ
ಡಬ್ಬಿ ಯಾಕೆ ತೆರೆಯಬೇಕು?

ಊರು ಹಲ್. ನಮ್ಮ ಬಾಯಲ್ಲಿ ಹಲ್ಲು.
ಕರಿಯುವುದಕ್ಕೇ ಹುಟ್ಟಿದ ಊರು.
ಸಂಜೆ ಐದಾದರೆ ಬೀದಿಗೆರಡು ಬಾಣಲೆ ಕಾಯುತ್ತವೆ,
ಮೀನು, ಆಲೂಗಡ್ಡೆ, ಮತ್ತೆ ಮೀನು.
ಹಂಬರ್ ಹೊಳೆಯಿಂದ ಬರುವ ಗಾಳಿಗೂ ಜಿಡ್ಡು.
ಇಂಥಲ್ಲಿ ನಾನು, ಹೊಸದುರ್ಗದ ಹಾಲವ್ವನ ಮಗಳು,
ಕರಿಯದ ಕೋಡುಬಳೆ ಮಾಡಲು ಹೊರಟೆ.

ಮೊದಲ ಸಲ ಎಣ್ಣೆಯ ಹೆಸರೇ ಎತ್ತಲಿಲ್ಲ.
ಅಕ್ಕಿಹಿಟ್ಟು, ಹುರಿಗಡಲೆ, ಕೊಬ್ಬರಿ, ಓಮ,
ಬ್ಯಾಡಗಿ ಪುಡಿ, ಬಿಸಿನೀರು, ಓವನ್.
ತೆಂಗಿನಕಾಯಿ ಆರಿಸುವವರ ಹಾಗೆ
ಇವರು ಒಂದನ್ನು ಮೇಜಿಗೆ ಕುಟ್ಟಿ, ಕಿವಿಗಿಟ್ಟು ಹೇಳಿದರು:
"ಕೋಡಿದೆ, ಬಳೆಯೂ ಇದೆ.
ಕೋಡುಬಳೆ ಎಲ್ಲಿ?"

ಎರಡನೆಯ ಸಲ ಮೊಸರು ಹಾಕಿದೆ.
ಕಿವಿಯ ಹಾಲೆಯಂತೆ ಮೆತ್ತಗಾದವು.
ಕಿಟಕಿಯಾಚೆ ಇಟ್ಟರೆ, ದಾರಿಹೋಕರ ಕೈಯಿಂದಲೇ
ಕಸಿದು ತಿನ್ನುವ ಕಡಲಹಕ್ಕಿ
ಒಮ್ಮೆ ಅದನ್ನು ನೋಡಿತು, ಒಮ್ಮೆ ನನ್ನನ್ನು ನೋಡಿತು,
ಹಾರಿಹೋಯಿತು.

ಅವ್ವ ರುಚಿ ನೋಡಿದವಳಲ್ಲ, ಆಲಿಸಿದವಳು.
ಬಾಣಲೆಗೆ ಬೆನ್ನು ಮಾಡಿ ಹಿಟ್ಟು ಹೊಸೆಯುತ್ತಲೇ
ಚುರ್ರೆನ್ನುವುದು ಚಿಟಿಚಿಟಿಯಾಗಿ, ಚಿಟಿಚಿಟಿ ಪಿಸುಮಾತಾಗಿ,
"ಸುಮ್ಮನಾಯ್ತು, ಎತ್ತೇ" ಅನ್ನುತ್ತಿದ್ದಳು.
ಈ ಓವನ್ ಮೊದಲಿನಿಂದಲೂ ಸುಮ್ಮನೆ.
ಯಾವಾಗ ಎತ್ತಲಿ?
ಮಂಡಿಯೂರಿ ಗಾಜಿನೊಳಗೆ ನೋಡುತ್ತ ಕೂತೆ.
ಹೋದ ತಿಂಗಳು ಇನ್ನೊಂದು ಗಾಜಿನೆದುರು
ಹೀಗೇ ನಿಂತಿದ್ದೆ, ಒಳಗೆ ಇವರು,
ಅಲ್ಲೂ ಏನೂ ಕೇಳಿಸುತ್ತಿರಲಿಲ್ಲ,
ಹಸಿರು ಗೆರೆಯೊಂದು ಏಳುವುದು, ಬೀಳುವುದು.

ಮೂರನೆಯ ಸಲ ಎರಡೇ ಚಮಚ ಎಣ್ಣೆ
ಹೊಗೆಯಾಡುವಷ್ಟು ಕಾಯಿಸಿ ಹಿಟ್ಟಿನ ಗುಂಡಿಗೆ ಸುರಿದೆ.
ಚುರ್ರ್.
ಅಷ್ಟೇ. ಒಂದೇ ಒಂದು ಮಾತು.
ಆಮೇಲೆ ಕಿರುಬೆರಳಿಗಿಂತ ತೆಳ್ಳಗೆ ಹೊಸೆದು,
ಮಗ ಬಿಟ್ಟುಹೋದ ಬಣ್ಣದ ಕುಂಚದಲ್ಲಿ
ಬೆನ್ನಿಗೊಂದು, ಹೊಟ್ಟೆಗೊಂದು ಎಳೆ ಸವರಿ,
ಸಣ್ಣ ಉರಿ, ನಲವತ್ತು ನಿಮಿಷ, ನಡುವೆ ಒಂದು ಮಗ್ಗುಲು.
ಇಲ್ಲಿನ ಮಾರ್ಚ್ ತಿಂಗಳ ಬಿಸಿಲಿನಂತೆ
ಬಂದೂ ಬಾರದ ಬಣ್ಣ. ಆದರೆ ಮುರಿದರೆ ಲಟ್ಟೆಂದಿತು.

ನಾಲ್ಕನ್ನು ಕೆಳಗಿನ ಅಂಗಡಿಯ ಬ್ರಯಾನನಿಗೆ ಒಯ್ದೆ.
ಮೂವತ್ತು ವರ್ಷ ಬಾಣಲೆಯ ಮುಂದೆ ನಿಂತವನು,
ಮೊಳಕೈವರೆಗೂ ಎಣ್ಣೆ ಸಿಡಿದ ಚುಕ್ಕೆ.
ಕಚ್ಚಿದ. ಒಂದು ಕಣ್ಣು ಮುಚ್ಚಿದ.
"ಪಾಪ, ಇದು ಏನನ್ನೋ
ನೆನಪು ಮಾಡಿಕೊಳ್ಳೋಕೆ ನೋಡ್ತಿದೆ" ಅಂದ.
ಅಂದು, ಈ ಊರಿನವರು ಚಿಪ್ಸಿಗೆ ಉದುರಿಸುವ
ಕೆಂಪು ಪುಡಿಯ ಡಬ್ಬಿ ಎತ್ತಿ
ಕೇಳದೆಯೇ ಉದುರಿಸಿದ.
ಬ್ಯಾಡಗಿಯ ಮೇಲೆ ಹಲ್ ಬಿತ್ತು.
ಸಿಟ್ಟು ಬರಬೇಕಿತ್ತು ನನಗೆ; ಎರಡು ತಿಂದೆ.

ಮನೆಯಲ್ಲಿ ಇವರು ಚೆನ್ನಾಗಿದೆ ಅನ್ನಲಿಲ್ಲ.
"ಡಿಪೋದಲ್ಲಿ ಚಹಾದ ಹೊತ್ತಿಗೆ ಆಗುತ್ತೆ" ಅಂದು
ಕಟ್ಟಿಕೊಳ್ಳಲು ಕಾಗದ ಹುಡುಕಿ, ಸಿಗದೆ,
ಕನ್ನಡಕದ ಡಬ್ಬಿಯಿಂದ ಆ ಹಸಿರು ಹಾಳೆ ತೆಗೆದರು.
ಐದು ಕೋಡುಬಳೆ. ಪೊಟ್ಟಣ.

ಸಂಜೆ ಖಾಲಿ ಹಾಳೆಯನ್ನು ಕಿಟಕಿಗೆ ಹಿಡಿದು
ಜಿಡ್ಡು ಹುಡುಕಿದೆವು, ಇಬ್ಬರೂ ತಲೆಗೆ ತಲೆ ತಾಗಿಸಿ.
ಎಲ್ಲೂ ಇಲ್ಲ.
ಇಲ್ಲ, ಇದೆ: ಸಾಸಿವೆಯಷ್ಟು,
ಕಪ್ಪು ಗೀಟಿನ ಪಕ್ಕದಲ್ಲೇ,
ಬೆಳಕು ತೂರುವ ಒಂದು ಚುಕ್ಕೆ.
"ಇಷ್ಟು ಇರಲಿ ಬಿಡೇ" ಅಂದರು.